ಒಬ್ಬನಿಗೆ ಎರಡು ನೆರಳು

"ಏಳ್ರಿ ಮ್ಯಾಲ! ಇದು ಟೈಪಿಂಗ್ ಕಲಿಯೋ ಮಷಿನ್, ಆಟ ಆಡೋದಲ್ಲ!"

ಶೀತಲ ಸಿಡುಕಿದಳು. ೧೯೯೯ರ ಮಾತು. ಸೊಲ್ಲಾಪುರದ ಆ ಕಂಪ್ಯೂಟರ್ ಕ್ಲಾಸಿಗೆ ಅವಳೇ ಮೇಡಂ. ಬೆಳಿಗ್ಗೆ ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸಿನಲ್ಲಿ ನಿಂತೇ ಬರುವವಳು, ಸಂಜೆ ನಿಂತೇ ಹೋಗುವವಳು. ದಣಿದ ಜೀವಕ್ಕೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಬಿಡಿ!

ಕುರ್ಚಿಯಲ್ಲಿದ್ದವನು ಸಿದ್ಧರಾಮ. ನಾಗಣಸೂರಿನ ಒಕ್ಕಲು ಮನೆಯವನು, ಹೋಟಗಿಯಲ್ಲಿ ರೈಲ್ವೆ ಕೆಲಸ ಮುಗಿಸಿ ಕಲಿಯಲು ಬರುತ್ತಿದ್ದ.

"ಆಡಾಕತ್ತಿಲ್ರಿ ಮೇಡಂ, ಸುಮ್ನ ತಿರಗ್ಯಾಡಾಕತ್ತೀನಿ. ಈ ಆಟದಾಗ ಎಲ್ಲಿ ಬೇಕಾದ್ರೂ ಹೋಗಬಹುದು. ಆದ್ರ ಆ ಗುಡ್ಡ ನೋಡ್ರಿ... ದೂರಿಂದ ಇಲ್ಲೇ ಇಲ್ಲ. ಹತ್ರ ಹೋದ್ರ ಧಪ್ ಅಂತ ಎದ್ದು ನಿಂದರ್ತದ!"

ಬೈಯಲು ಬಂದವಳು ಬಗ್ಗಿ ನೋಡಿದಳು. ಹೌದಲ್ಲ! ಪರದೆಯ ತುಂಬ ಬರೀ ಮಂಜು. ನಾಲ್ಕು ಹೆಜ್ಜೆ ಇಟ್ಟರೆ ಗುಡ್ಡ, ಇನ್ನೆರಡು ಇಟ್ಟರೆ ಬುಡವಿಲ್ಲದ ಮರ ಗಾಳಿಯಲ್ಲೇ ನಿಂತಿತ್ತು. ಎಷ್ಟೋ ದಿನದ ಮೇಲೆ ಶೀತಲ ನಕ್ಕಳು.

"ಒಂದ ಕಡಿ ಆಟದಾಗಿನ ಈ ಮನಷ್ಯಾಗ ಎರಡು ನೆರಳ ಬೀಳ್ತಾವ್ರಿ. ನಿಂತಾವ ಒಬ್ಬನ, ನೆರಳ ಎರಡು! ದಾರಿ ಮರತೀನಿ. ತಡೀರಿ, ಹುಡುಕಿ ತೋರಸ್ತೀನಿ."

ಅಂದಿನಿಂದ ಕ್ಲಾಸು ಬಿಟ್ಟ ಮೇಲೆ ದಿನಾ ಕಾಲು ತಾಸು ಆ ಎರಡು ನೆರಳಿನ ಹುಡುಕಾಟ. 'ಇವನ ಪಕ್ಕದಲ್ಲಿ ಕೂತರೆ ನನ್ನ ಕಾಲುನೋವು ಎಲ್ಲಿ ಹೋಗುತ್ತದೆ?' ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಅಂಜಿಕೆ!

ಒಂದು ಸೋಮವಾರ ಅವಳೇ ಬಾಯಿಬಿಟ್ಟಳು.

"ಮಾಮಾ ಬಾರ್ಶಿದೊಂದು ಗಂಡು ನೋಡ್ಯಾರ. ಶನಿವಾರ ಸಂಜಿ ಆರಕ್ಕ ಫೋನ್ ಮಾಡಿ ಹೂಂ ಇಲ್ಲಾ ಉಹೂಂ ಅನಬೇಕು."

ಏನಾದರೂ ಅನ್ನಲಿ ಎಂದು ಕಾದಳು. ಅವನು ಪರದೆಯನ್ನೇ ನೋಡುತ್ತ ಕೂತ. ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು.

ಮರುದಿನ ಅವನು ಬರಲಿಲ್ಲ. ಬುಧವಾರವೂ ಇಲ್ಲ. ತಡೆಯಲಾರದೆ ಅವಳು ಆಟ ತೆಗೆದಳು. ಉಳಿಸಿಟ್ಟ ಆಟಗಳ ಪಟ್ಟಿಯಲ್ಲಿ ಒಂದು ಹೊಸ ಹೆಸರು... ಟಿ, ಎ, ಡಿ, ಐ.

ತಾಡಿ!

ಅವಳ ಅಪ್ಪ ಶಂಕರೆಪ್ಪನ ಬಾಳು ಮುಗಿದದ್ದು ಹೆಂಡ ಕುಡಿದೇ, ತಾಡಿ ಅಂಗಡಿಯ ಕಟ್ಟೆಯ ಮೇಲೆಯೇ. ಕುಡಿಯುವವನ ಮನೆಗೆ ಮಾತ್ರ ಹೋಗಲಾರೆ ಎಂದು ಅವತ್ತೇ ಅವ್ವನ ಮುಂದೆ ಆಣೆ ಮಾಡಿದ್ದಳು. 'ಇವನೂ ಅದೇ ಜಾತಿ! ಅದಕ್ಕೇ ಎರಡು ದಿನ ಪತ್ತೆ ಇಲ್ಲ. ಸಾಕಪ್ಪಾ... ಬಾರ್ಶಿಯವನೇ ಆಗಲಿ.'

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಯಿತು. ತೆರೆದಾದರೂ ನೋಡಬಾರದೇ? ನೋಡಲಿಲ್ಲ ಪುಣ್ಯಾತ್ಗಿತ್ತಿ!

ಶನಿವಾರ. ಆರಕ್ಕೆ ಇನ್ನೂ ಕಾಲು ತಾಸು. ಎದುರಿನ ಎಸ್‌ಟಿಡಿ ಬೂತಿಗೆ ಹೊರಡಬೇಕು, ಕಾಲೇ ಏಳುತ್ತಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಸಿದ್ಧರಾಮ! ಗಡ್ಡ ಬೆಳೆದಿತ್ತು, ಅಂಗಿಯ ತುಂಬ ದಾರಿಯ ಧೂಳು.

"ಅವ್ವ ಬಿದ್ದು ಕಾಲ ಮುರಕೊಂಡ್ಳರಿ. ಊರಿಗಿ ಓಡಬೇಕಾತು. ಮೇಡಂ, ಸೋಮವಾರ ನೀವು ಹೋದ ಮ್ಯಾಲ ಒಂದು ಬರದಿಟ್ಟಿದ್ದೆ... ನೋಡಿದ್ರಿಲ್ಲೊ?"

"ತಾಡಿ ಕುಡಿಯವ್ರ ಆಟ ನಾ ಯಾಕ ನೋಡ್ಲಿ?"

ಅವನು ಹಣೆ ಬಡಿದುಕೊಂಡ.

"ತಾಡಿ ಅಲ್ರೀ... ತಡಿ! ಹೂಂ ಅನಬ್ಯಾಡ, ನನ್ನ ಸಲುವಾಗಿ ತಡಿ ಅಂತ!"

ಅವಳೇ ಆ ಹೆಸರಿನ ಆಟ ತೆಗೆದಳು. ಮಂಜಿನ ನಡುವೆ ಒಂದು ಸೇತುವೆ. ಅದರ ಮೇಲೆ ಒಬ್ಬನೇ ಮನುಷ್ಯ. ಅವನ ಕಾಲ ಬುಡದಲ್ಲಿ ಎರಡು ನೆರಳು, ಒಂದರ ಪಕ್ಕ ಇನ್ನೊಂದು.

"ಬಾಯ್ಲೆ ಹೇಳಾಕ ಧೈರ್ಯ ಸಾಲಲಿಲ್ರಿ. ಅವ್ವಗ ಎಲ್ಲಾ ಹೇಳಿ ಬಂದೀನಿ. ನನಗ... ನೀವು ಬೇಕ್ರಿ."

ವಾರದ ದಣಿವೆಲ್ಲ ಒಮ್ಮೆಲೇ ಕಣ್ಣಿಗೆ ಬಂತು. ಶೀತಲ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ನನಗ 'ರಿ' ಹಚ್ಚಲಾರ್ದ ಬರದೀರಿ?"

"ಹೆಸರಿಗಿ ನಾಕ ಅಕ್ಷರದ್ದಷ್ಟ ಜಾಗಾ ಇತ್ರಿ..."

"ಜಾಗಾ ಇದ್ದಿದ್ರ ಹಚ್ತಿದ್ರೇನು?"

ಅವನು ತಲೆ ತಗ್ಗಿಸಿದ. "ಇಲ್ಲ."

ಗೋಡೆಯ ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ. ಅವಳು ಎದ್ದು ಬಾಗಿಲಿಗೆ ನಡೆದಳು.

"ಎಲ್ಲಿಗಿ?"

"ಮಾಮಾಗ ಉಹೂಂ ಅನ್ನಾಕ."

"ಶೀತಲ... ತಡಿ. ನಾನೂ ಬರ್ತೀನಿ."

ಅವಳು ಹೊಸ್ತಿಲ ಮೇಲೆ ನಿಂತು ತಿರುಗಿದಳು.

"ತಡದೀನಲ್ಲ," ಎಂದಳು. "ಬಾ."