ಎದೆಲ್ಮಿರಾಳ ಮನೆಗೆ ಹಗ್ಗ ಹಾಕಿದವನು

ಎದೆಲ್ಮಿರಾ ಹಿತ್ತಲಿಗೆ ಬಂದಾಗ ಬಡಗಿ ಲಿಸಾಂದ್ರೊ ಅವಳ ಮನೆಗೆ ಹಗ್ಗ ಸುತ್ತಿ ಅಳತೆ ತೆಗೆಯುತ್ತಿದ್ದ. ಮದುವೆ ರವಿಕೆಗೆ ದರ್ಜಿ ಕೂಡ ಅಷ್ಟು ಜತನದಿಂದ ಅಳತೆ ತೆಗೆಯಲಾರ.

“ಏಯ್! ನನ್ನ ಮನೆ ಸೊಂಟ ಅಳೀತಿದ್ದೀಯೇನೋ?”

ಅವನು ಕಿವಿಯವರೆಗೂ ಕೆಂಪಾದ. “ಸುಮ್ನೆ... ಎಷ್ಟಿದೆ ಅಂತ.”

“ಬೆಕ್ಕು ಮೀನಿನ ಬುಟ್ಟಿ ಹತ್ರ ಸುಮ್ನೆ ಕೂರಲ್ಲ. ನಡಿ ಇಲ್ಲಿಂದ!” ಎಂದು ಪೊರಕೆ ಎತ್ತಿದಳು.

ಹೊರಟವನು ಬೇಲಿ ದಾಟುವಷ್ಟರಲ್ಲಿ ಮೂರು ಸಲ ತಿರುಗಿ ನೋಡಿದ. ನೋಡಿದ್ದು ಮನೆಯನ್ನೋ ತನ್ನನ್ನೋ? ಅವಳಿಗೆ ಅದೇ ಅನುಮಾನ.

ಚಿಲೋಎ ದ್ವೀಪದ ದೋಣಿಕಟ್ಟೆಯಲ್ಲಿ ಏಳು ವರ್ಷ ಹೊಗೆಮೀನು ಮಾರಿ ಕೂಡಿಟ್ಟ ಹಣವನ್ನೆಲ್ಲ ಸುರಿದು ಎದೆಲ್ಮಿರಾ ನೀರಂಚಿನಲ್ಲಿ ಕಂಬಗಳ ಮೇಲೆ ನಿಂತ ಆ ಎರಡು ಕೋಣೆಯ ಮರದ ಮನೆ ಕೊಂಡಿದ್ದಳು. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಆಸೆ. ಕಿಟಕಿ ತೆರೆದರೆ ಇಡೀ ಸಮುದ್ರ. ತೆರೆಯದಿದ್ದರೂ ಸಮುದ್ರವೇ, ಯಾಕೆಂದರೆ ಹುಣ್ಣಿಮೆಯ ಉಬ್ಬರಕ್ಕೆ ನೀರು ನೆಲದ ಹಲಗೆ ಮುಟ್ಟುತ್ತಿತ್ತು. ಒಮ್ಮೆ ಸಂದಿಯಿಂದ ಏಡಿಯೊಂದು ಮೇಲೆ ಬಂದು ಮಂಚದ ಕೆಳಗೆ ಮೂರು ದಿನ ತಂಗಿ, ಬಾಡಿಗೆ ಕೊಡದೇ ಹೋಗಿತ್ತು.

ಕೊಳ್ಳುವ ಮೊದಲೇ ಲಿಸಾಂದ್ರೊ ಬಂದು ಹೇಳಿದ್ದ: “ತಗೋಬೇಡ ಎದೆಲ್ಮಿರಾ. ಕಂಬ ಕೊಳೆತಿದೆ. ಈ ವರ್ಷದ ದೊಡ್ಡ ಉಬ್ಬರಕ್ಕೆ ಇದು ಉಳಿಯಲ್ಲ.”

ಮನೆ ಮಾರುತ್ತಿದ್ದ ಸುನಿಲ್ದಾ ಅಜ್ಜಿ ಕಿವಿಯಲ್ಲಿ ಉಸುರಿದ್ದಳು: “ಅವನಿಗೇ ಬೇಕಂತೆ ಕಣೇ. ಹೆದರಿಸಿ ಅಗ್ಗಕ್ಕೆ ಹೊಡ್ಕೋತಾನೆ, ನೋಡ್ತಿರು.”

ಅಷ್ಟು ಸಾಕಾಯಿತು. ಮಾರನೆಯ ದಿನವೇ ಕೊಂಡಿದ್ದಳು.

ಹಗ್ಗದ ಅಳತೆ ನಡೆದ ವಾರವೇ, ಶನಿವಾರ ಬೆಳಿಗ್ಗೆ ಗಲಾಟೆ ಕೇಳಿ ದೋಣಿಕಟ್ಟೆಯಿಂದ ಓಡಿ ಬಂದರೆ, ಮನೆಯ ಕೆಳಗೆ ದಿಮ್ಮಿಗಳು, ಸುತ್ತ ಹಗ್ಗ, ಮುಂದೆ ಎಂಟು ಜೋಡಿ ಎತ್ತು, ನಲವತ್ತು ಜನ. ನಡುವೆ ಲಿಸಾಂದ್ರೊ.

“ಕಳ್ಳ! ಮನೆ ಕಳ್ಳ!”

ಆ ದ್ವೀಪದಲ್ಲಿ ಇದು ಆಗದ ಮಾತೇನಲ್ಲ. ಅಲ್ಲಿ ಮನೆಗಳು ನಡೆಯುತ್ತವೆ. ಊರವರು ಎತ್ತು ತಂದು ಕೂಲಿಯಿಲ್ಲದೆ ಇಡೀ ಮನೆಯನ್ನೇ ಹೊಸ ಜಾಗಕ್ಕೆ ಎಳೆದು ಕೊಡುತ್ತಾರೆ, ಅದಕ್ಕೆ ಮಿಂಗಾ ಎನ್ನುತ್ತಾರೆ.

“ಕದೀತಿಲ್ಲ ಮಾರಾಯ್ತಿ,” ಅವನು ಕೈ ಮುಗಿದ. “ಸೋಮವಾರ ಆ ದೊಡ್ಡ ಉಬ್ಬರ. ಅಷ್ಟರಲ್ಲಿ ಗುಡ್ಡದ ಮೇಲೆ ಇಡೋಣ ಅಂತ. ಅಲ್ಲಿಂದ ಸಮುದ್ರ ಇನ್ನೂ ಚೆನ್ನಾಗಿ ಕಾಣುತ್ತೆ.”

“ಗುಡ್ಡದ ಮೇಲೆ ಯಾರ ಜಾಗ?”

“...ನಂದು.”

“ಆಹಾ! ಬಂತು ನೋಡಿ ಬೆಕ್ಕಿನ ಬುದ್ಧಿ ಹೊರಗೆ! ನನಗೊಂದು ಮಾತು ಹೇಳಬಾರದಿತ್ತೇನೋ?”

“ಹೇಳೋಕೆ ಬಂದಾಗಲೆಲ್ಲ ಪೊರಕೆ ಎತ್ತಿದ್ದೆಯಲ್ಲ!”

ಎದೆಲ್ಮಿರಾಳಿಗೆ ಇನ್ನೊಂದು ವಿಷಯ ಹೊಳೆಯಿತು. ಮಿಂಗಾಕ್ಕೆ ಬಾಗಿಲು ಬಾಗಿಲಿಗೆ ಹೋಗಿ ಬೇಡಿಕೊಳ್ಳಬೇಕಾದವರು ಮನೆಯ ಯಜಮಾನರೇ. ಬೇರೆಯವರು ಕರೆದರೆ ಒಂದು ಎತ್ತೂ ಹೊರಡುವುದಿಲ್ಲ.

“ಹಾಗಾದ್ರೆ ಇಷ್ಟು ಜನ ಹೆಂಗೆ ಬಂದ್ರು? ಏನಂತ ಕರೆದೆ?”

ಲಿಸಾಂದ್ರೊ ಟೋಪಿ ತೆಗೆದ. ಟೋಪಿ ಹಾಕಿಕೊಂಡ. ಮತ್ತೆ ತೆಗೆದ.

“ನಾವಿಬ್ರೂ ಮದುವೆ ಆಗ್ತಿದ್ದೀವಿ ಅಂತ.”

“ಎಷ್ಟು ಮನೇಲಿ ಹೇಳಿದೆ?”

“ಮೂವತ್ತೊಂದು. ಮೊದಲನೇ ಮನೇಲಿ ಸುಳ್ಳು ಅನ್ನಿಸ್ತು. ಹತ್ತನೇ ಮನೆ ಹೊತ್ತಿಗೆ ಬಾಯಿಗೆ ಸಿಹಿ ಆಯ್ತು. ಕೊನೇ ಮನೇಲಿ...” ಅವನು ತಲೆ ಎತ್ತಿ ಮೊದಲ ಸಲ ನೇರ ಅವಳ ಕಣ್ಣನ್ನೇ ನೋಡಿದ. “ಕೊನೇ ಮನೇಲಿ ಹೇಳ್ತಾ ಅಳು ಬಂತು. ನೀನು ಇಲ್ಲ ಅಂದ್ರೂ ಮನೆ ಮೇಲಿರಲಿ, ಎದೆಲ್ಮಿರಾ. ಜಾಗ ನಿನ್ನ ಹೆಸರಿಗೇ ಬರೆದು ಕೊಡ್ತೀನಿ. ನಿನ್ನ ಏಳು ವರ್ಷ ನೀರಿಗೆ ಹೋಗೋದನ್ನ ನನ್ನ ಕೈಲಿ ನೋಡೋಕಾಗಲ್ಲ.”

ಅವಳು ಆ ಕಣ್ಣುಗಳಲ್ಲಿ ಮೋಸವನ್ನು ಹುಡುಕಿದಳು. ಎಡಗಣ್ಣಲ್ಲಿ ಹುಡುಕಿದಳು, ಬಲಗಣ್ಣಲ್ಲಿ ಹುಡುಕಿದಳು. ರೆಪ್ಪೆಯ ಮೇಲೆ ಮರದ ಪುಡಿ ಬಿಟ್ಟರೆ ಏನೂ ಸಿಗಲಿಲ್ಲ. ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಒರೆಸಿದಳು.

“ಏನವ್ವಾ, ಎಳೀಬೇಕೋ ಬೇಡ್ವೋ?” ಎತ್ತಿನವನೊಬ್ಬ ಕೂಗಿದ.

ಎದೆಲ್ಮಿರಾ ಹಗ್ಗ ಹಿಡಿದಳು, ಲಿಸಾಂದ್ರೊನ ಕೈಯ ಪಕ್ಕದಲ್ಲೇ.

“ಎಳೀರಿ. ಮೆಲ್ಲಗೆ. ನನಗಿನ್ನೂ ಇವನ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಮದುವೆ ಆದ್ಮೇಲೆ ವಿಚಾರಿಸ್ಕೋತೀನಿ.”