ನಲವತ್ತು ಗಂಡಸರ ಕಾಲುಂಗುರ

ಧಡ್! ಶಟರ್ ಕೆಳಗೆ ಬಿತ್ತು.

ಬೈಕುಲ್ಲಾದ ಆ ಶೂ ವರ್ಕ್‌ಶಾಪಿನೊಳಗೆ ಈಗ ಮೂವರೇ. ನಾನು. ಬಿಲ್ಲಿಂಗ್ ಟೇಬಲ್ಲಿನ ಹಿಂದೆ ಹರಿಣಿ. ಶಟರಿಗೆ ಬೆನ್ನು ಕೊಟ್ಟು ನಿಂತ ಅವಳ ಗಂಡ ಹಿತೇಶ್... ಕೈಯಲ್ಲಿ ಚರ್ಮ ಕತ್ತರಿಸುವ ಚೂರಿ!

"ಆ ಡಬ್ಬ ಕೆಳಗಿಡು ಮಾರಾಯ."

"ಯಾಕೆ? ಇದರಲ್ಲಿ ಚಿನ್ನ ಉಂಟಾ?"

ಚಿನ್ನ ಇರಲಿಲ್ಲ. ಮೆತ್ತನೆಯ ಫೋಮ್. ಅದರ ಮೇಲೆ ಒಂದು ಜೊತೆ ಪಾದಗಳ ಅಚ್ಚು.

ನೋಡಿ, ವಿಷಯ ಇಷ್ಟೇ. ನಾನು ಸುಕೇಶ್. ಹೋಟೆಲ್ ಕಾರ್ಮಿಕರ ಆರೋಗ್ಯ ಯೋಜನೆಯೊಂದಕ್ಕೆ ಕ್ಲೇಮ್ ತನಿಖೆ ಮಾಡುವವನು. ಡಯಾಬಿಟಿಸ್‌ನಿಂದ ಕಾಲು ಕೆಟ್ಟವರಿಗೆ ವರ್ಷಕ್ಕೆ ಒಂದು ಜೊತೆ ವಿಶೇಷ ಶೂ. ರೋಗಿ ಫೋಮ್ ಡಬ್ಬದಲ್ಲಿ ಕಾಲೂರಬೇಕು. ಆ ಅಚ್ಚಿಗೆ ತಕ್ಕ ಶೂ. ಬಿಲ್ಲಿನ ಜೊತೆ ಅಚ್ಚಿನ ಫೋಟೋ ಕಡ್ಡಾಯ.

ವಡಾಲದ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಖಂಡಪ್ಪ ಶೂ ಕೇಳಿದ್ದ. ನಮ್ಮ ಆಫೀಸು ಹೇಳಿತು: "ಈ ವರ್ಷದ್ದು ಹಿತೇಶ್ ಅಂಗಡಿಯಿಂದ ಹೋಗಿದೆ. ಮಾರಿಕೊಂಡಿರಬೇಕು. ಹಿಡಿ."

ಹಿಡಿಯಲು ಹೋದೆ. ಯಾರನ್ನೂ ನಂಬದಿರುವುದಕ್ಕೇ ನನಗೆ ಸಂಬಳ.

ಖಂಡಪ್ಪ ಎಡಗಾಲು ಎತ್ತಿ ತೋರಿಸಿದ. ಅಡಿಯಲ್ಲಿ ಹುಣ್ಣು. ಹೆಬ್ಬೆರಳನ್ನು ಹೋದ ವರ್ಷವೇ ಕತ್ತರಿಸಿದ್ದರು.

"ಶೂ ಬಂದೇ ಇಲ್ರೀ ಸಾಹೇಬ್ರ. ಡಾಕ್ಟರ್ ಎರಡ ವಾರ ಅಂದಾರ. ಅಷ್ಟರಾಗ ಹಾಕ್ಕೊಳ್ಳಿಲ್ಲಂದ್ರ ಪಾದಾನ ತಗೀತಾರಂತ್ರೀ."

ಆದರೆ ಅವನ ಫೈಲಿನ ಫೋಟೋದಲ್ಲಿ? ಹತ್ತೂ ಬೆರಳು!

ಹಿತೇಶ್ ಕಳಿಸಿದ ಉಳಿದ ಫೈಲುಗಳನ್ನೂ ತೆಗೆದೆ. ಖಂಡಪ್ಪನೂ ಸೇರಿ ನಲವತ್ತು ಗಂಡಸರು. ನಲವತ್ತು ಫೋಟೋ. ಎಲ್ಲದರಲ್ಲೂ ಹೆಬ್ಬೆರಳ ಪಕ್ಕದ ಬೆರಳಿಗೆ ಉಂಗುರದ ಗುರುತು...

ಕಾಲುಂಗುರ!

ಹಾಗೆ ಈ ವರ್ಕ್‌ಶಾಪಿಗೆ ಬಂದೆ. ಶೆಲ್ಫಿನಲ್ಲಿದ್ದದ್ದು ಒಂದೇ ಡಬ್ಬ. ಅದನ್ನು ಎತ್ತಿಕೊಂಡದ್ದೇ ತಡ, ಶಟರ್ ಬಿತ್ತು.

"ಹರಿಣಿಯವರೇ," ಅಂದೆ, "ಸ್ವಲ್ಪ ಕಾಲು ತೋರಿಸ್ತೀರಾ?"

ಅವಳು ಸರಕ್ಕನೆ ಕಾಲು ಒಳಗೆಳೆದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಸ್ಯಾಂಪಲ್ಲಿಗೆ ಒಂದು ಸಲ ಅಂತ ಹೇಳಿದ್ದಲ್ವಾ ನೀವು? ನನ್ನ ಕಾಲಿನ ಅಚ್ಚನ್ನು ಎಷ್ಟು ಜನರ ಹೆಸರಿಗೆ ಹಾಕಿದ್ದೀರಿ?"

"ನೀನು ಬಾಯಿ ಮುಚ್ಚು!"

ಅವನ ಕಣ್ಣು ಅವಳ ಕಡೆ ಹೋಯಿತು. ಒಂದೇ ಸೆಕೆಂಡ್. ನನಗೆ ಸಾಕು! ಅಂಟಿನ ಡಬ್ಬಿಯನ್ನು ಅವನ ಎದೆಗೆ ಬೀಸಿದೆ. ಅವನು ಪಕ್ಕಕ್ಕೆ ವಾಲಿದ. ಶಟರ್ ಎತ್ತಿದೆ. ಫೋಮ್ ಡಬ್ಬದ ಸಮೇತ ನುಸುಳಿದೆ. ಬೆನ್ನ ಮೇಲೆ ಶರ್ಟು ಪರ್‍ರೆಂದು ಸೀಳಿತು...

ಓಡಿದೆ! ಕೈಗಾಡಿ. ಗೋಣಿಚೀಲ. ಹಮಾಲರ ಬೈಗುಳ. ಸಿಕ್ಕ ಟ್ಯಾಕ್ಸಿಗೆ ಹಾರಿದೆ.

"ವಡಾಲ! ಜಲ್ದೀ!"

ಕನ್ನಡಿಯಲ್ಲಿ ನೋಡಿದೆ. ಹಿಂದೆಯೇ ಸ್ಕೂಟರಿನಲ್ಲಿ ಹಿತೇಶ್.

ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋಗಲಿಲ್ಲ ಅಂತೀರಾ? ಕೇಸಾದರೆ ಖಂಡಪ್ಪನ ಫೈಲೂ ಸೀಲ್. ಬಿಡಿಸಲು ಎರಡು ವರ್ಷ. ಅವನ ಕಾಲಿಗಿದ್ದದ್ದು ಎರಡು ವಾರ! ಆ ಸುಳ್ಳು ಬಿಲ್ಲನ್ನು ಹಿತೇಶನೇ ತನ್ನ ಲಾಗಿನ್ನಿನಿಂದ ಕ್ಯಾನ್ಸಲ್ ಮಾಡಬೇಕಿತ್ತು. ಅದಕ್ಕೆ ಅವನು ನನ್ನ ಹಿಂದೆ ಬರಲೇಬೇಕು.

ಬಂದ. ಕ್ಯಾಂಟೀನಿನ ಅಡುಗೆಮನೆಗೇ ನುಗ್ಗಿದ, ಚೂರಿ ಹಿಡಿದು.

ಒಳಗೆ ಐದು ಜನ ಅಡುಗೆಯವರು. ಖಂಡಪ್ಪನ ಸೌಟಿನಲ್ಲಿ ಕುದಿಯುವ ಎಣ್ಣೆ.

"ಆ ಚೂರಿ ಇತ್ತಾಗ ಕೊಡೋ ತಮ್ಮಾ," ಅಂದ ಖಂಡಪ್ಪ. "ಉಳ್ಳಾಗಡ್ಡಿ ಹೆಚ್ಚೂದೈತಿ."

ಹಿತೇಶ್ ಚೂರಿ ಕೊಟ್ಟ.

"ಡಬ್ಬ ಬೇಕಾ?" ಕೇಳಿದೆ.

"ಕೊಡು."

"ಮೊದಲು ಖಂಡಪ್ಪನ ಬಿಲ್ ಕ್ಯಾನ್ಸಲ್ ಮಾಡು. ಶೂ ಕೊಟ್ಟಿಲ್ಲ ಅಂತ ಬರಿ."

"ಆಮೇಲೆ ನೀನು ಪೊಲೀಸಿಗೆ ಹೋದ್ರೆ?"

"ಖಂಡಪ್ಪನ ಬಿಲ್ಲಿನ ವಿಷಯ ನಾನು ಎಲ್ಲೂ ಎತ್ತುವುದಿಲ್ಲ. ಮಾತು ಅಂದ್ರೆ ಮಾತು."

ಬೆವರುತ್ತಾ ಮೊಬೈಲಿನಲ್ಲಿ ಒತ್ತಿದ. ಎರಡು ನಿಮಿಷ. ಆಫೀಸಿನಿಂದ ಮೆಸೇಜು ಬಂತು. ಖಂಡಪ್ಪನಿಗೆ ಶೂ ಮಂಜೂರು! ನಾಳೆ ಆಸ್ಪತ್ರೆಯಲ್ಲೇ ಅಳತೆ.

ಡಬ್ಬ ಎಸೆದೆ. ಹಿತೇಶ್ ಅದನ್ನು ತುಳಿದು ಪುಡಿ ಮಾಡಿದ.

"ಮುಗೀತು! ಈಗ ಎಂತ ಪ್ರೂಫ್ ಉಂಟು ನಿನ್ನ ಹತ್ರ?"

ನಗುತ್ತಾ ಹೋದ.

"ಬಿಟ್ಟೇ ಬಿಟ್ರೇನ್ರೀ ಅವನ್ನ?" ಖಂಡಪ್ಪನ ಮುಖ ಸಪ್ಪಗಾಯಿತು.

ನಾನು ಪೊಲೀಸ್ ನಂಬರ್ ಒತ್ತಿದೆ. ಅಚ್ಚಿನ ಫೋಟೋಗಳನ್ನೆಲ್ಲ ಹಿತೇಶನೇ ಕೈಯಾರೆ ನಮ್ಮ ಆಫೀಸಿಗೆ ಕಳಿಸಿದ್ದ.

ಉಳಿದ ಮೂವತ್ತೊಂಬತ್ತು ಬಿಲ್ಲುಗಳ ಬಗ್ಗೆ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ!