ಸೊಗಲದ ಹಾಜರಿ

ಎಪ್ಪತ್ನಾಲ್ಕರ ಚಳಿಗಾಲ. ಸೊಗಲದ ಜಲಪಾತದ ಬಳಿ ಮೂರು ದಿನ ಡೇರೆ ಹೊಡೆದು ಇರುವುದೆಂದರೆ ಬೈಲಹೊಂಗಲದ ಕಾಲೇಜು ಹುಡುಗರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಾಳುವಿಗೆ ಮಾತ್ರ ಮೊದಲ ಸಂಜೆಯೇ ಮನಸ್ಸು ಕೆಟ್ಟಿತು.

ನೀರಿಗಿಳಿದವರೆಲ್ಲ ಮೇಲೆ ಬಂದರೋ ಇಲ್ಲವೋ ಎಂದು ಹೆಸರು ಕೂಗಿ ನೋಡುವ ಕೆಲಸವನ್ನು ಸರ್ ಕ್ಯಾಂಪಿನ ಲೀಡರ್ ದೇವಕ್ಕನಿಗೆ ಒಪ್ಪಿಸಿದ್ದರು. ತುಂತುರಿಗೆ ನೆನೆದ ಜಡೆಯನ್ನು ಹಿಂದಕ್ಕೆ ಎಸೆದು, ಬಂಡೆಯ ಮೇಲೆ ನಿಂತು ಗಂಟಲು ಬಿಚ್ಚಿ ಕೂಗಿದಳು.

"ಶಟ್ಟೆಪ್ಪ! ಶಂಕರೆಪ್ಪ!"

ಬಾಳುವಿನ ಸರದಿ ಬಂತು. ಅವಳ ಬಾಯಿ ಕಟ್ಟಿತು. ಅವನತ್ತ ಓರೆಯಾಗಿ ನೋಡಿ, "ಹಾಂ, ಅವರೂ ಅದಾರ," ಎಂದು ಮುಂದಿನ ಹೆಸರಿಗೆ ಹಾರಿದಳು. ಮರುದಿನ ಬೆಳಿಗ್ಗೆಯೂ ಅದೇ ಕಥೆ.

ಬಾಳು ಒಳಗೊಳಗೇ ಕುದಿದ. ಎರಡು ವರ್ಷ ಪಕ್ಕದ ಬೆಂಚಿನಿಂದ ಕದ್ದು ನಕ್ಕವಳು ಇವಳೇ ತಾನೆ? ಕೇರಿಯ ಹುಡುಗನ ಹೆಸರು ಈಗ ನಾಲಿಗೆಗೆ ಮೈಲಿಗೆಯಾಯಿತೇ?

ಮಧ್ಯಾಹ್ನ ಎಲ್ಲರೂ ರೊಟ್ಟಿಯ ಬುತ್ತಿ ಬಿಚ್ಚಿ ಕೂತಾಗ ದೇವಕ್ಕ ಕೊಡ ಹಿಡಿದು ಝರಿಯ ಕಡೆ ಹೊರಟಳು. ಅವನು ಬೆನ್ನು ಬಿಡಲಿಲ್ಲ.

"ನಿಲ್ರಿ. ನನ್ನ ಹೆಸರ ತಗೊಂಡ್ರ ನಿಮ್ಮ ಬಾಯಿ ಮೈಲಿಗಿ ಆಗ್ತೈತೇನ್ರಿ?"

"ಅಯ್ಯ, ಹಂಗ ತಿಳಕೊಂಡ್ರೇನ?"

"ಮತ್ತ ಹೆಂಗ ತಿಳಕೋಬೇಕು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮುಖ ಕಿವಿಯ ತನಕ ಕೆಂಪಾಗಿತ್ತು.

"ನಮ್ಮವ್ವ ಅಪ್ಪನ ಹೆಸರ ತಗೊಳ್ಳಂಗಿಲ್ಲ. ನಿಮ್ಮವ್ವ ತಗೋತಾಳೇನು?"

ಬಾಳು ಮಿಕಿಮಿಕಿ ನೋಡಿದ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಅವಳ ಓಣಿಯಲ್ಲೂ ಅಷ್ಟೇ, ಅವನ ಕೇರಿಯಲ್ಲೂ ಅಷ್ಟೇ. ತಿಳಿದ ಮೇಲೆ ಅವನಿಗೆ ನಿಂತ ನೆಲವೇ ನಿಲ್ಲಲಿಲ್ಲ.

"ಯಾವಾಗಿಂದ?"

"ಹ್ವಾದ ದೀಪಾವಳಿಯಿಂದ. ಒಂದ ಸಲಾನೂ ನಿಮ್ಮ ಹೆಸರ ಹಿಡದ ಕರದಿಲ್ಲ. ನಿಮಗ ಗೊತ್ತ ಆಗಲಿಲ್ಲ. ಮಂದಿ ನಿಮಗ ಶ್ಯಾಣ್ಯಾ ಅಂತಾರ!"

ಇಬ್ಬರೂ ನಕ್ಕರು. ಅವಳ ನಗು ಅರ್ಧಕ್ಕೇ ನಿಂತಿತು.

"ನಾಳೆ ಅಣ್ಣ ಕರಕೊಂಡ ಹೋಗಾಕ ಬರತಾನ. ರಾಮದುರ್ಗದಾಗ ಸೋದರಮಾವಗ ಕೊಡೂದು ಗಟ್ಟಿ ಆಗೈತಿ. ನಾ ಹುಟ್ಟಿದಾಗ ಆಡಿದ ಮಾತು."

"ಒಲ್ಲೆ ಅನ್ರಿ."

"ಅಂದೆ. ಅವ್ವ ಊಟ ಬಿಟ್ಲು. ಅಣ್ಣ, ಅಂವ ಯಾರು ಹೇಳು ಅಂತ ಕೊಡ್ಲಿ ತಗದ. ನಿಮ್ಮ ಸುದ್ದಿ ಗೊತ್ತಾದ್ರ ನಿಮ್ಮ ಮನಿ ಉಳಸಂಗಿಲ್ಲ."

ಬಾಳು ಕೊಡ ತುಂಬಿ ಅವಳ ಮುಂದಿಟ್ಟ. ಕೇರಿಯಲ್ಲಿ ಅವನ ತಾಯಿ ಇದ್ದಳು, ಮದುವೆಗೆ ಬಂದ ತಂಗಿ ಇದ್ದಳು. ದೇವಕ್ಕನಿಗಾಗಿ ತನ್ನ ಜೀವ ಕೊಟ್ಟಾನು, ಅವರದನ್ನು ಹೇಗೆ ಕೊಟ್ಟಾನು?

"ಹಂಗಾದ್ರ ನಾಳೆ ಅಣ್ಣನ ಮುಂದ ನನ್ನೊಬ್ಬನ ಹೆಸರ ಬಿಡಬ್ಯಾಡ್ರಿ, ಅಂವಗ ಗೊತ್ತಾಗ್ತೈತಿ. ಉಳಿದವರಂಗ ಕೂಗ್ರಿ."

"ನನ್ನ ಕೈಲಿ ಆಗಂಗಿಲ್ಲ."

"ನಮ್ಮವ್ವನ ಸಲುವಾಗಿ."

ಅವಳು ಅತ್ತಳು. ಅವನು ಕಣ್ಣೊರೆಸಲೂ ಇಲ್ಲ, ಯಾರಾದರೂ ನೋಡಿಯಾರು ಎಂದು.

ಮರುದಿನ ಬಸ್ಸು ಹತ್ತುವ ಮುನ್ನ ಕಡೆಯ ಹಾಜರಿ. ಅಣ್ಣ ದುಂಡಪ್ಪ ಎಲೆಅಡಿಕೆ ಜಗಿಯುತ್ತ ತಂಗಿಯ ಪಕ್ಕದಲ್ಲೇ ನಿಂತಿದ್ದ. ಒಂದೊಂದೇ ಹೆಸರು ಕೂಗುತ್ತ ಬಂದ ದೇವಕ್ಕ ನಡುವೆ ತಡೆದಳು. ದುಂಡಪ್ಪನ ದವಡೆ ನಿಂತಿತು.

"ಬಾಳು!"

ದನಿ ನಡುಗಲಿಲ್ಲ. ಯಾರನ್ನೋ ಕರೆದಂತಿತ್ತು. ಹೆಸರು ಹೇಳದೆ ಇಷ್ಟು ದಿನ ತನ್ನವನನ್ನಾಗಿ ಇಟ್ಟುಕೊಂಡವನನ್ನು ಹತ್ತರಲ್ಲಿ ಒಬ್ಬನನ್ನಾಗಿ ಮಾಡಿಬಿಟ್ಟಳು.

"ಇಲ್ಲೇ ಅದೀನ್ರಿ," ಎಂದ ಬಾಳು.

ದುಂಡಪ್ಪ ಮತ್ತೆ ಜಗಿಯತೊಡಗಿದ. ದೇವಕ್ಕ ಆಗಲೇ ಮುಂದಿನ ಹೆಸರು ಕೂಗುತ್ತಿದ್ದಳು.